ದೇವರ ಮೇಲೆ ಭಾರ ಹಾಕಿ ಸ್ಕೂಟರ್ ಹತ್ತುವವರು

ಮಂಗಳೂರಿನಲ್ಲಿ ದೇವರಿಲ್ಲದ ವಾಹನ ಸಿಗುವುದು ಕಷ್ಟ. ಹೊಸ ಗಾಡಿ ಶೋರೂಮಿನಿಂದ ನೇರ ಕದ್ರಿಗೋ ಕಟೀಲಿಗೋ ಹೋಗುತ್ತದೆ. ಚಕ್ರದಡಿಗೆ ನಿಂಬೆಹಣ್ಣು, ಹ್ಯಾಂಡಲಿಗೆ ಹೂಮಾಲೆ, ಹೆಡ್‌ಲೈಟಿನ ಮೇಲೆ ಕುಂಕುಮದ ಬೊಟ್ಟು. ಕಾರಿನ ಹಿಂಗಾಜಿನಲ್ಲಿ ಸ್ವಾಮಿ ಕೊರಗಜ್ಜ, ರಿಕ್ಷಾದ ಹಣೆಯಲ್ಲಿ ಕಟೀಲಮ್ಮ, ಬಂದರಿನ ಕಡೆಯ ಟೆಂಪೋಗಳಲ್ಲಿ ಮಾಶಾ ಅಲ್ಲಾಹ್, ಇನ್ನೊಂದು ಕಾರಿನ ಕನ್ನಡಿಗೆ ಜೋತುಬಿದ್ದ ಜಪಸರ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಸಂಜೆ ಹೊತ್ತು ನಂತೂರು ವೃತ್ತ ದಾಟಬೇಕಾದವರಿಗೆ ದೇವರು ಬೇಕೇ ಬೇಕು. ಆದರೆ ಅದೇ ಗಾಡಿಯ ಸೀಟಿನಡಿಯಲ್ಲಿ ಆರ್‌ಸಿ ಜೊತೆ ಮಡಚಿಟ್ಟ ಇನ್ಶೂರೆನ್ಸ್ ಕಾಗದದ ತಾರೀಖು ಮುಗಿದು ವರ್ಷಗಳೇ ಆಗಿರುವುದೂ ಅಪರೂಪವಲ್ಲ. ದೇಶದ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ವಿಮೆಯಿಲ್ಲದೆ ಓಡುತ್ತಿವೆ ಎಂಬ ಮಾತು ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿಯ 2024ರ ವರದಿಯಲ್ಲೇ ಬಂದಿದೆ. ಯಾಕೆ ಕಟ್ಟಿಲ್ಲ ಎಂದರೆ ಮರೆವು, ಸೋಮಾರಿತನ, ಕೈಯಲ್ಲಿ ಕಾಸಿಲ್ಲದ್ದು ಎಲ್ಲ ಕಾರಣಗಳೂ ಬರುತ್ತವೆ. ನನಗೆ ಇಲ್ಲಿ ಮುಖ್ಯವಾದದ್ದು ಇವೆಲ್ಲಕ್ಕೂ ಸಮಾಧಾನ ಹೇಳಿಕೊಳ್ಳುವ ಒಂದು ಮಾತು: ದೇವರಿದ್ದಾನೆ, ಇಷ್ಟು ವರ್ಷ ಏನೂ ಆಗಿಲ್ಲ. ಈ ಮಾತಿನ ಮೊದಲರ್ಧ ದೇವರ ವಿಷಯ, ಎರಡನೆಯದು ಧರ್ಮದ ವಿಷಯ. ಯಾರಿಗೂ ಏನೂ ಮಾಡದವನಿಗೆ ದಂಡ ಹಾಕುವುದು ನ್ಯಾಯವೇ ಎಂಬ ಪ್ರಶ್ನೆ ಅದರೊಳಗಿದೆ. ಎರಡನ್ನೂ ಲಘುವಾಗಿ ತಳ್ಳಿಹಾಕಲಾಗದು.

ಕಾನೂನು ಕೇಳುವುದೇನು ಎಂಬಲ್ಲೇ ಗೊಂದಲ ಶುರು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಓಡುವ ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಇರಬೇಕು. ಇಲ್ಲದಿದ್ದರೆ 196ನೇ ಸೆಕ್ಷನ್. ಅದಕ್ಕೆ 2019ರಲ್ಲಾದ ತಿದ್ದುಪಡಿಯ ಪ್ರಕಾರ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000. ಪೊಲೀಸರು ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ದಂಡವನ್ನು ಕರ್ನಾಟಕ ಸರ್ಕಾರ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಲವು ತಪ್ಪುಗಳಿಗೆ ಇಳಿಸಿತು. ಈ ಕಡ್ಡಾಯ ಹೊಸದಲ್ಲ. ಬ್ರಿಟನ್ನಿನ 1930ರ ಕಾನೂನಿನ ದಾರಿಯಲ್ಲಿ ನಮ್ಮ 1939ರ ಕಾಯ್ದೆಯೂ ವಿಮೆಯ ಅಧ್ಯಾಯವೊಂದನ್ನು ಸೇರಿಸಿಕೊಂಡಿತ್ತು. ಅದು ಜಾರಿಗೆ ಬಂದದ್ದು 1946ರ ಜುಲೈ 1ರಂದು, ಸ್ವಾತಂತ್ರ್ಯಕ್ಕೂ ಒಂದು ವರ್ಷ ಮೊದಲು. ಅಂದಿನಿಂದ ಇಂದಿನವರೆಗೆ ಕಾನೂನು ಮಾಲೀಕನ ಗಾಡಿಯ ಬಗ್ಗೆ ತಲೆ ಕೆಡಿಸಿಕೊಂಡಿಲ್ಲ. ನಿಮ್ಮ ಕಾರು ಗೋಡೆಗೆ ಗುದ್ದಿ ನಜ್ಜುಗುಜ್ಜಾದರೆ ಅದು ನಿಮ್ಮ ಪಾಡು. ಅದಕ್ಕೆ ಬೇಕಾದರೆ ಜನ ಹೇಳುವ ಫುಲ್ ಇನ್ಶೂರೆನ್ಸ್ ಮಾಡಿಸಿಕೊಳ್ಳಬಹುದು. ಕಡ್ಡಾಯವಿರುವುದು ನಿಮ್ಮ ಗಾಡಿಗೆ ಸಿಕ್ಕು ನೋಯುವ, ನಿಮಗೆ ಹೆಸರೂ ಗೊತ್ತಿಲ್ಲದ ಆ ಇನ್ನೊಬ್ಬನಿಗಾಗಿ. ಅದಕ್ಕೇ ಥರ್ಡ್ ಪಾರ್ಟಿ ಎಂದರೆ ನಮ್ಮಲ್ಲಿ ಸ್ವಲ್ಪ ತಾತ್ಸಾರ: ಅದು ಪೊಲೀಸರಿಗೆ ತೋರಿಸ್ಲಿಕ್ಕೆ ಮಾತ್ರ, ನಮಗೇನೂ ಸಿಗುವುದಿಲ್ಲ. 1906ರ ಒಂದೇ ವರ್ಷದಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕನ್ನೂ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕನ್ನೂ ಹುಟ್ಟಿಸಿದ, ಹತ್ತು ಜನರ ದುಡ್ಡು ಒಟ್ಟುಗೂಡಿಸುವುದನ್ನು ದೇಶಕ್ಕೇ ಕಲಿಸಿದ ಜಿಲ್ಲೆಯಲ್ಲಿ ಈ ಮಾತು ಕೇಳಿಬರುವುದು ತಮಾಷೆಯೇ. ಬ್ಯಾಂಕಿಗೆ ಹಾಕಿದ ದುಡ್ಡು ಬಡ್ಡಿ ಸಮೇತ ನಮಗೇ ಮರಳುತ್ತದೆ, ಥರ್ಡ್ ಪಾರ್ಟಿಗೆ ಕಟ್ಟಿದ್ದು ಮರಳುವುದಿಲ್ಲ. ಲಾಭದ ಲೆಕ್ಕದಲ್ಲಿ ಅದು ದಂಡವೆಂದು ಕಾಣುವುದು ಈ ಕಾರಣಕ್ಕೆ. ಧರ್ಮದ ಲೆಕ್ಕದಲ್ಲಿ ಅದಕ್ಕೆ ತೂಕ ಬರುವುದೂ ಇದೇ ಕಾರಣಕ್ಕೆ.

ಆ ಇನ್ನೊಬ್ಬನಿಗೆ ಎಷ್ಟು ಸಲ್ಲಬೇಕು? ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲಿ ನಡೆಯುವ ಲೆಕ್ಕವನ್ನು ಒಂದು ಕಲ್ಪಿತ ಕುಟುಂಬದ ಮೇಲೆ ನಡೆಸಿ ನೋಡಬಹುದು. ಟೈಲ್ಸ್ ಹಾಕುವ ಕೆಲಸದವನೊಬ್ಬ, ವಯಸ್ಸು 34, ತಿಂಗಳ ದುಡಿಮೆ 15,000 ರೂಪಾಯಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಪಡೀಲಿನಲ್ಲಿ ರಸ್ತೆ ದಾಟುವಾಗ ಸ್ಕೂಟರ್ ಗುದ್ದಿ ಸತ್ತ ಎನ್ನೋಣ. ಸುಪ್ರೀಂ ಕೋರ್ಟು 2009ರಲ್ಲೂ 2017ರಲ್ಲೂ ಹಾಕಿಕೊಟ್ಟ ಸೂತ್ರದ ಪ್ರಕಾರ, ನಲವತ್ತರೊಳಗಿನ ಸ್ವಂತ ದುಡಿಮೆಯವನಾದ್ದರಿಂದ ಮುಂದಿನ ಏಳಿಗೆಗೆಂದು ಆದಾಯಕ್ಕೆ ಶೇಕಡಾ 40 ಸೇರಿಸಬೇಕು: 21,000. ನಾಲ್ವರು ಅವಲಂಬಿತರಿರುವುದರಿಂದ ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯಬೇಕು: 15,750. ವರ್ಷಕ್ಕೆ 1,89,000. ಅವನ ವಯಸ್ಸಿಗೆ ಗುಣಕ 16. ಒಟ್ಟು 30,24,000 ರೂಪಾಯಿ. ಅಂತ್ಯಕ್ರಿಯೆ ಇತ್ಯಾದಿಗಳದ್ದು ಬೇರೆ. ಈಗ ಗುದ್ದಿದವನ ಕಡೆ ನೋಡಿ. ವಿಮೆ ಇದ್ದರೆ ಈ ಮೊತ್ತ ಕಂಪನಿಯಿಂದ ಬರುತ್ತದೆ. ಇಲ್ಲದಿದ್ದರೆ ಸ್ಕೂಟರ್ ಮಾಲೀಕನ ಮೇಲೆ ಡಿಕ್ರಿ. ವಿಮೆಯಿಲ್ಲದ ವಾಹನವನ್ನು ಹರಾಜು ಹಾಕಿ ನೊಂದವರಿಗೆ ಕೊಡಲು ನಿಯಮ ಮಾಡಿ ಎಂದು ಸುಪ್ರೀಂ ಕೋರ್ಟು 2018ರಲ್ಲಿ ರಾಜ್ಯಗಳಿಗೆ ಹೇಳಿತು, ಸರಿ. ಆದರೆ ಹಳೆಯ ಸ್ಕೂಟರಿಗೆ ಮೂವತ್ತು ಸಾವಿರ ಬಂದರೆ ಹೆಚ್ಚು. ಅಂದರೆ ರೂಪಾಯಿಗೆ ಒಂದು ಪೈಸೆ. ಉಳಿದ ತೊಂಬತ್ತೊಂಬತ್ತು ಪೈಸೆಯನ್ನು ಆ ಹೆಂಡತಿ, ಆ ತಾಯಿ, ಶಾಲೆ ಬಿಡುವ ದೊಡ್ಡ ಮಗ ಹೊರುತ್ತಾರೆ. ಹೀಗಾಗದಂತೆ ಮಾಡಲು 75ರಿಂದ 150 ಸಿಸಿಯೊಳಗಿನ ಬೈಕು ಸ್ಕೂಟರಿಗೆ ವರ್ಷಕ್ಕೆ ಬೇಕಾದ ಥರ್ಡ್ ಪಾರ್ಟಿ ಪ್ರೀಮಿಯಂ, 2022ರಲ್ಲಿ ನಿಗದಿಯಾದ ದರದಂತೆ, ತೆರಿಗೆ ಬಿಟ್ಟು 714 ರೂಪಾಯಿ.

ನನ್ನ ವಾದ ಈ ಲೆಕ್ಕದಿಂದಲೇ ಹೊರಡುತ್ತದೆ. ವಿಮೆಯಿಲ್ಲದೆ ರಸ್ತೆಗಿಳಿಯುವವನು ತನ್ನನ್ನು ತಾನು ದೇವರಿಗೆ ಒಪ್ಪಿಸಿಕೊಂಡಿಲ್ಲ; ಆ ಟೈಲ್ಸ್ ಕೆಲಸದವನ ಮನೆಯನ್ನು ಅವರ ಅಪ್ಪಣೆ ಕೇಳದೆ ಅಡವಿಟ್ಟಿದ್ದಾನೆ. ತನ್ನ ಪ್ರಾಣವನ್ನೋ ತನ್ನ ಗಾಡಿಯನ್ನೋ ದೈವಕ್ಕೆ ಬಿಟ್ಟುಕೊಡುವ ಹಕ್ಕು ಎಲ್ಲರಿಗೂ ಇದೆ. ಶರಣಾಗತಿ ಎಂದು ಎಲ್ಲ ಪಂಥಗಳೂ ಹೊಗಳಿದ್ದು ಅದನ್ನು. ಇನ್ನೊಬ್ಬರ ಅನ್ನವನ್ನು ದೈವಕ್ಕೆ ಬಿಟ್ಟುಕೊಟ್ಟವನನ್ನು ಯಾವ ಪಂಥವೂ ಭಕ್ತ ಎಂದಿಲ್ಲ. ಆದರೂ ಎರಡನೆಯ ಪ್ರಶ್ನೆ ಹಾಗೇ ಉಳಿಯುತ್ತದೆ: ಅಪಘಾತವೇ ಆಗದಿದ್ದರೆ? ಹತ್ತು ವರ್ಷ ವಿಮೆಯಿಲ್ಲದೆ ಓಡಿಸಿ ಒಂದು ಕೋಳಿಗೂ ತಾಗಿಸದವನು ಮಾಡಿದ ಪಾಪವೇನು?

ಇದಕ್ಕೆ ನನಗೆ ಸಿಕ್ಕಿದ ಅತ್ಯಂತ ನಿಖರವಾದ ಉತ್ತರ ಜೈನರದ್ದು. ಮೂಡುಬಿದಿರೆ, ಕಾರ್ಕಳ, ವೇಣೂರುಗಳ ಬಸದಿಗಳ ನೆರಳಿನಲ್ಲಿ ಬದುಕುವ ಈ ಜಿಲ್ಲೆಗೆ ಅದು ಹೊರಗಿನ ವಿಚಾರವೂ ಅಲ್ಲ. ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಾಣಹಾನಿ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ ಆದ ಪ್ರಾಣಹಾನಿ ಎಂದು ಕಟ್ಟು ಹಾಕುತ್ತದೆ. ತೀರ್ಥಹಳ್ಳಿಯ ಬಳಿಯ ಕುಂದಾದ್ರಿಯ ಜೊತೆ ಪರಂಪರೆ ಯಾರ ಹೆಸರನ್ನು ಸೇರಿಸುತ್ತದೋ ಆ ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಜೀವಿ ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆಯ ದೋಷ ಅಂಟಿಯೇ ಅಂಟುತ್ತದೆ. ಎಚ್ಚರದಿಂದ ನಡೆದವನ ಕಾಲಡಿ ಜೀವಿಯೊಂದು ಸತ್ತರೂ ಆ ಬಂಧ ಅವನಿಗಿಲ್ಲ ಎಂಬುದು ಅವರ ನಿಲುವು. ಜೈನ ಮುನಿ ನಡೆಯುವಾಗ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡೇ ಹೆಜ್ಜೆ ಇಡಬೇಕೆಂಬ ಈರ್ಯಾಸಮಿತಿ ಹುಟ್ಟಿದ್ದು ಈ ವಿಚಾರದಿಂದ. ಫಲ ಏನಾಯಿತು ಎಂಬುದು ಅದೃಷ್ಟದ ಮಾತು, ಹೇಗೆ ಹೊರಟೆ ಎಂಬುದು ನಿನ್ನ ಮಾತು. ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ, 1976ರಲ್ಲಿ, ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ಇಬ್ಬರು ತತ್ತ್ವಜ್ಞಾನಿಗಳು ನೈತಿಕ ಅದೃಷ್ಟ ಎಂಬ ಹೆಸರಿನಲ್ಲಿ ಇದೇ ಕಗ್ಗಂಟನ್ನು ಬಿಚ್ಚಲು ಕೂತರು. ಇಬ್ಬರಿಗೂ ಉದಾಹರಣೆಯಾಗಿ ಒದಗಿದವನು ಒಬ್ಬ ಲಾರಿ ಡ್ರೈವರ್.

ಚುರುಕಾದ ಓದುಗ ಇಲ್ಲಿ ಅಡ್ಡಬರುತ್ತಾನೆ. ವಿಮೆಗೂ ಎಚ್ಚರಕ್ಕೂ ಏನು ಸಂಬಂಧ? ವಿಮೆಯಿಲ್ಲದವನೇ ಹೆದರಿ ನಿಧಾನ ಓಡಿಸುತ್ತಾನೆ, ವಿಮೆಯಿದ್ದವನು ಕಂಪನಿ ನೋಡಿಕೊಳ್ಳುತ್ತದೆ ಎಂದು ನುಗ್ಗುತ್ತಾನೆ. ಆಕ್ಷೇಪ ಗಟ್ಟಿಯಾಗಿದೆ, ಆದರೆ ಎಚ್ಚರದಲ್ಲಿ ಎರಡು ಬಗೆಯಿದೆ ಎಂಬುದನ್ನು ಅದು ಮರೆಯುತ್ತದೆ. ಗುದ್ದದಿರುವ ಎಚ್ಚರ ಒಂದು. ಗುದ್ದಿದ ಮೇಲೆ ಏನು ಎಂಬ ಎಚ್ಚರ ಇನ್ನೊಂದು. ಜುಲೈ ತಿಂಗಳ ಮಳೆಯಲ್ಲಿ ನೀರು ತುಂಬಿದ ಹೊಂಡ ಕಾಣದೆ ಜಾರಿದ ಬೈಕು, ಬಸ್ಸಿನ ಮರೆಯಿಂದ ಓಡಿಬಂದ ಮಗು, ಶಿರಾಡಿ ಇಳಿದು ಬರುವಾಗ ಹಿಡಿಯದೆ ಹೋದ ಬ್ರೇಕು: ಇವುಗಳ ಎದುರು ಮೊದಲ ಬಗೆಯ ಎಚ್ಚರ ಒಮ್ಮೊಮ್ಮೆ ಸೋಲುತ್ತದೆ. ಸೋಲಬಹುದು ಎಂದು ಗೊತ್ತಿದ್ದೂ ಎರಡನೆಯದನ್ನು ಮಾಡಿಕೊಳ್ಳದಿರುವುದೇ ನಾನು ಹೇಳುವ ಪ್ರಮಾದ. ಬೈಬಲಿನ ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗೋಡೆ ಕಟ್ಟಲೇಬೇಕು, ಇಲ್ಲದಿದ್ದರೆ ಬಿದ್ದವನ ರಕ್ತದ ದೋಷ ಮನೆಗೆ ತಟ್ಟುತ್ತದೆ ಎಂಬ ವಿಧಿಯಿದೆ. ಯಾರಾದರೂ ಬೀಳುವವರೆಗೆ ಕಾಯಿರಿ ಎಂದು ಅದು ಹೇಳುವುದಿಲ್ಲ. 196ನೇ ಸೆಕ್ಷನ್ನಿನ ದಂಡವೂ ಹಾಗೆ ಬಿದ್ದವನ ಲೆಕ್ಕಕ್ಕಲ್ಲ, ಕಟ್ಟದೆ ಬಿಟ್ಟ ಗೋಡೆಯ ಲೆಕ್ಕಕ್ಕೆ.

ಇನ್ನು ಹಣೆಬರಹ. ಅವನ ಆಯುಷ್ಯ ಅಷ್ಟೇ ಇತ್ತು, ನನ್ನ ಗಾಡಿ ನೆಪ ಮಾತ್ರ ಎನ್ನುವವರಿದ್ದಾರೆ. ಕರ್ಮಸಿದ್ಧಾಂತದ ಹೆಸರಿನಲ್ಲಿ ಇದಕ್ಕಿಂತ ಅಗ್ಗದ ಮಾತು ಇನ್ನೊಂದಿಲ್ಲ. ಜೀವ ಅಸ್ವತಂತ್ರ, ಹರಿಯೊಬ್ಬನೇ ಸ್ವತಂತ್ರ ಎಂದು ಯಾವ ಮುಲಾಜೂ ಇಲ್ಲದೆ ಸಾರಿದ ಮಧ್ವಾಚಾರ್ಯರು ಹುಟ್ಟಿದ್ದು ಇಲ್ಲೇ, ಉಡುಪಿಯ ಹತ್ತಿರದ ಪಾಜಕದಲ್ಲಿ. ಭಗವಂತನ ಅಧೀನತೆಯನ್ನು ಅಷ್ಟು ಗಟ್ಟಿಯಾಗಿ ಹೇಳಿದ ಅವರೂ ಬ್ರಹ್ಮಸೂತ್ರದ ಭಾಷ್ಯದಲ್ಲಿ ಜೀವನಿಗೆ ಕರ್ತೃತ್ವ ಉಂಟು ಎಂದೇ ಒಪ್ಪುತ್ತಾರೆ. ಇಲ್ಲದಿದ್ದರೆ ಇದನ್ನು ಮಾಡು, ಅದನ್ನು ಬಿಡು ಎನ್ನುವ ಶಾಸ್ತ್ರಕ್ಕೆ ಅರ್ಥವೇ ಇರುವುದಿಲ್ಲ. ದೇವರ ಅಧೀನ ಎಂಬುದು ಕೈಕಟ್ಟಿ ಕೂರುವುದಕ್ಕೆ ರಹದಾರಿಯಾಗಲಿಲ್ಲ. ಸತ್ತವನ ಕರ್ಮ ಏನಿತ್ತೋ ನಮಗೆ ತಿಳಿಯದು. ನಮ್ಮದು ಏನಿತ್ತು ಎಂಬುದು ಚೆನ್ನಾಗಿ ತಿಳಿದಿದೆ. ಹಣೆಬರಹದ ಮಾತಾಡುವವನು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ತನ್ನ ಪರ್ಸ್ ಹೋದಾಗ ಕಳ್ಳ ನೆಪ ಮಾತ್ರ ಎಂದು ಮನೆಗೆ ಹೋಗುವುದಿಲ್ಲ, ಠಾಣೆಗೆ ಹೋಗುತ್ತಾನೆ.

ನಮ್ಮ ಹಳೆಯ ಧರ್ಮಶಾಸ್ತ್ರಗಳು ವಾಹನದ ಅಪಘಾತವನ್ನು ಬಿಟ್ಟಿಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಎತ್ತಿನ ಗಾಡಿ, ರಥಗಳ ಬಗ್ಗೆ ಒಂದು ಪುಟ್ಟ ಟ್ರಾಫಿಕ್ ಕಾಯ್ದೆಯೇ ಇದೆ. ಹತ್ತು ಸಂದರ್ಭಗಳಲ್ಲಿ ದಂಡವಿಲ್ಲ: ಮೂಗುದಾರ ಹರಿದರೆ, ನೊಗ ಮುರಿದರೆ, ಗಾಡಿ ಅಡ್ಡತಿರುಗಿದರೆ, ಅಚ್ಚೋ ಚಕ್ರವೋ ಮುರಿದರೆ, ಹಗ್ಗ ಕಿತ್ತರೆ, ದಾರಿ ಬಿಡಿ ಎಂದು ಕೂಗಿ ಹೇಳಿದ್ದರೆ, ಹೀಗೆ. ಹೊಡೆಯುವವನು ಅರಿಯದವನಾಗಿದ್ದರೆ ಒಡೆಯನಿಗೆ ಇನ್ನೂರು ಪಣ ದಂಡ. ಬಲ್ಲವನಾಗಿದ್ದೂ ತಪ್ಪಿದರೆ ಹೊಡೆಯುವವನಿಗೇ ದಂಡ. ಅರಿಯದವನ ಗಾಡಿ ಎಂದು ತಿಳಿದೂ ಹತ್ತಿದವರಿಗೆ ತಲಾ ನೂರು. ಈ ಕೊನೆಯದನ್ನು ನಮ್ಮ ಸಿಟಿ ಬಸ್ಸುಗಳಿಗೆ ಅನ್ವಯಿಸಿದರೆ ಮಂಗಳೂರಿನ ಅರ್ಧ ಜನ ದಿವಾಳಿಯಾದಾರು. ವಿನೋದ ಇರಲಿ, ಈ ವಿಂಗಡಣೆ ಬಹಳ ಸೂಕ್ಷ್ಮವಾದದ್ದು: ತಪ್ಪು ಯಾರದು ಎಂದು ಹುಡುಕುವುದರಲ್ಲಿ ಅದಕ್ಕೆ ಇಂದಿಗೂ ಬೆಲೆಯಿದೆ. ಅಲ್ಲಿ ಸಿಗದ ಪ್ರಶ್ನೆ ಒಂದೇ. ಅಚ್ಚು ಮುರಿದದ್ದು ಯಾರ ತಪ್ಪೂ ಅಲ್ಲ, ಒಪ್ಪೋಣ. ಅದರಡಿ ಸಿಕ್ಕವನ ಮನೆಯವರಿಗೆ ನಾಳೆಯ ಊಟ? ಗಾಯಗೊಳಿಸಿದವನು ಚಿಕಿತ್ಸೆಯ ಖರ್ಚು ಕೊಡಬೇಕೆಂಬ ಮಾತು ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂಚೆ ಬರುತ್ತದೆ, ಆದರೆ ಪಣಗಳಲ್ಲಿ ಹೇಳಿದ ದಂಡವೆಲ್ಲ ರಾಜನ ಬೊಕ್ಕಸಕ್ಕೆ. ಅಂದು ಅನಾಥರಾದವರನ್ನು ಹೊರಲು ಕುಲವಿತ್ತು, ಕೂಡುಕುಟುಂಬವಿತ್ತು ಎಂದು ಸಮರ್ಥಿಸಬಹುದು. ಇಂದು ಆ ಹೊಣೆ ಹೊರುವವರು ಯಾರೂ ಇಲ್ಲದಿರುವುದರಿಂದಲೇ ಕಾನೂನು ತಪ್ಪಿನ ಪ್ರಶ್ನೆಯನ್ನು ಬದಿಗಿಟ್ಟು ಪರಿಹಾರದ ಪ್ರಶ್ನೆ ಎತ್ತಿಕೊಂಡಿತು. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 164ನೇ ಸೆಕ್ಷನ್ ಯಾರ ತಪ್ಪು ಎಂದು ಕೇಳದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೊಡಬೇಕೆನ್ನುತ್ತದೆ.

ಹೊಣೆಯನ್ನು ಹೀಗೆ ಹಂಚಿಬಿಟ್ಟರೆ ಗುದ್ದಿದವನ ಮನಸ್ಸಾಕ್ಷಿ ಜಡವಾಗುವುದಿಲ್ಲವೇ ಎಂಬುದು ಧಾರ್ಮಿಕ ಮನಸ್ಸಿನ ನಿಜವಾದ ಕಳವಳ. ಈ ಗಂಟನ್ನು ಬಿಡಿಸಲು ಇಸ್ಲಾಮಿನ ನ್ಯಾಯಶಾಸ್ತ್ರದಷ್ಟು ನೆರವಾಗುವಂಥದ್ದು ಬೇರೆ ನನಗೆ ಕಂಡಿಲ್ಲ. ತಪ್ಪಿ ಆದ ಕೊಲೆಯ ಬಗ್ಗೆ ಕುರ್‌ಆನಿನ ನಾಲ್ಕನೇ ಅಧ್ಯಾಯ ಎರಡು ಬೇರೆ ಬೇರೆ ವಿಧಿ ಹೇಳುತ್ತದೆ. ಒಂದು ದಿಯಾ, ಸತ್ತವನ ಮನೆಯವರಿಗೆ ಸಲ್ಲಬೇಕಾದ ಪರಿಹಾರ. ಇನ್ನೊಂದು ಕಫ್ಫಾರಾ, ಪ್ರಾಯಶ್ಚಿತ್ತ: ಗುಲಾಮನೊಬ್ಬನನ್ನು ಬಿಡುಗಡೆ ಮಾಡಬೇಕು, ಆಗದಿದ್ದರೆ ಎರಡು ತಿಂಗಳು ಬಿಡದೆ ಉಪವಾಸ ಹಿಡಿಯಬೇಕು. ಫಿಕ್‌ಹ್ ಎಂಬ ಈ ನ್ಯಾಯಶಾಸ್ತ್ರದ ಪಂಡಿತರು ದಿಯಾದ ಭಾರವನ್ನು ಕೊಂದವನೊಬ್ಬನ ಹೆಗಲಿಗೆ ಹಾಕಲಿಲ್ಲ. ಆಖಿಲಾ ಎಂಬ ಅವನ ಬಂಧುಬಳಗ ಅದನ್ನು ಹಂಚಿಕೊಂಡು ಕೊಡಬೇಕು. ಹನಫಿ ಪಂಥದ ಪಂಡಿತರು ಇನ್ನೂ ಮುಂದೆ ಹೋಗಿ ಖಲೀಫ ಉಮರರ ಕಾಲದ ಸೈನ್ಯದ ದಫ್ತರದಲ್ಲಿ ಒಟ್ಟಿಗೆ ಹೆಸರಿರುವವರನ್ನೂ ಆಖಿಲಾ ಎಂದೇ ಎಣಿಸಿದರು. ರಕ್ತಸಂಬಂಧ ಇಲ್ಲದವರೂ ಒಂದೇ ಪಟ್ಟಿಯಲ್ಲಿದ್ದರೆ ಸಾಕು. ಆದರೆ ಕಫ್ಫಾರಾ ಯಾರ ಜೊತೆಗೂ ಹಂಚಿಕೊಳ್ಳುವಂಥದ್ದಲ್ಲ. ಆ ಉಪವಾಸ ಅವನೇ ಹಿಡಿಯಬೇಕು. ನಮ್ಮ ಕಾನೂನಿನಲ್ಲೂ ಈ ಗೆರೆ ಹಾಗೇ ಇದೆ. ಕಂಪನಿ ಕೊಡುವುದು ಪರಿಹಾರ ಮಾತ್ರ. ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನಿನಲ್ಲಿ ಐದು ವರ್ಷದವರೆಗಿನ ಶಿಕ್ಷೆ ಗುದ್ದಿದವನದ್ದೇ, ಅದನ್ನು ಯಾವ ಪಾಲಿಸಿಯೂ ಹೊರುವುದಿಲ್ಲ. ರಾತ್ರಿ ನಿದ್ದೆ ಬಾರದಿರುವುದೂ ಅವನದ್ದೇ.

ಇದೇ ಇಸ್ಲಾಮೀ ಚಿಂತನೆಯೊಳಗೆ ವಿಮೆಗೆ ವಿರೋಧ ಇರುವುದನ್ನು ಮುಚ್ಚಿಡಬೇಕಾಗಿಲ್ಲ. 1985ರಲ್ಲಿ ಜಿದ್ದಾದ ಅಂತರರಾಷ್ಟ್ರೀಯ ಫಿಕ್‌ಹ್ ಅಕಾಡೆಮಿ ನಿಗದಿತ ಪ್ರೀಮಿಯಂನ ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದಿತು. ಒಪ್ಪಂದದಲ್ಲಿ ಅನಿಶ್ಚಿತತೆ ಅತಿಯಾಗಿದೆ ಎಂಬುದು ಕಾರಣ. ಬಡ್ಡಿ, ಜೂಜಿನ ಆಕ್ಷೇಪಗಳೂ ಬಹಳ ಪಂಡಿತರಲ್ಲಿವೆ. ಆದರೆ ಅದೇ ನಿರ್ಣಯ ಸಹಕಾರಿ ವಿಮೆಯನ್ನು ಬದಲಿಯಾಗಿ ಎತ್ತಿಹಿಡಿಯಿತು, ಸೂಡಾನಿನಲ್ಲಿ 1979ರಲ್ಲೇ ಅಂಥ ಕಂಪನಿಯೊಂದು ಶುರುವಾಗಿತ್ತು. ಆಕ್ಷೇಪ ಇರುವುದು ಕಂಪನಿಯ ವ್ಯಾಪಾರದ ರೀತಿಗೆ, ಸಂಕಟ ಹಂಚಿಕೊಳ್ಳುವುದಕ್ಕಲ್ಲ. ನನ್ನ ಮಟ್ಟಿಗೆ ಆ ಆಕ್ಷೇಪದಲ್ಲಿ ಹುರುಳಿದೆ: ಹೊಣೆಯೊಂದನ್ನು ಕಡ್ಡಾಯ ಮಾಡಿದ ಮೇಲೆ ಅದನ್ನು ಲಾಭದ ಕಂಪನಿಗಳ ಕೌಂಟರಿನಲ್ಲಿಯೇ ತೀರಿಸಬೇಕು ಎನ್ನುವುದು ಅನಿವಾರ್ಯವೇನಲ್ಲ. ಕಾಯ್ದೆಯ 146ನೇ ಸೆಕ್ಷನ್ನೇ ಸರ್ಕಾರಿ ಸಾರಿಗೆ ಸಂಸ್ಥೆಗಳಿಗೆ ತಮ್ಮದೇ ನಿಧಿ ಇಟ್ಟುಕೊಂಡು ವಿಮೆಯಿಂದ ವಿನಾಯಿತಿ ಪಡೆಯಲು ಬಿಡುತ್ತದೆ. ಕಾನೂನಿಗೆ ಬೇಕಾದದ್ದು ಪಾಲಿಸಿಯ ಕಾಗದವಲ್ಲ, ಕೊಡಬೇಕಾಗಿ ಬಂದಾಗ ಕೊಡುವ ತ್ರಾಣ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಜೀವಕ್ಕೆ ಬೆಲೆ ಕಟ್ಟುವುದೇ ಅಧರ್ಮ ಎಂಬ ಮಾತೂ ಉಂಟು. ಮಂಗಳೂರಿಗೆ ಇದು ಬರೀ ತತ್ತ್ವದ ಮಾತಲ್ಲ. 2010ರ ಮೇ 22ರಂದು ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದ ದುಬೈ ವಿಮಾನದಲ್ಲಿ 158 ಜನ ಸತ್ತರು. ಪರಿಹಾರದ ವ್ಯಾಜ್ಯಗಳು ವರ್ಷಗಟ್ಟಲೆ ನಡೆದವು, 2020ರಲ್ಲಿ ಸುಪ್ರೀಂ ಕೋರ್ಟು ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಕೊಡಿಸಿತು. ಅದೇ ವಿಮಾನದಲ್ಲಿ ಕಡಿಮೆ ಸಂಬಳದವರೂ ಇದ್ದರು, ಅವರ ಮನೆಯವರಿಗೆ ಅಷ್ಟು ಸಿಗಲಿಲ್ಲ. ಸಂಬಳದ ಮೇಲೆ ನಿಂತ ಗುಣಾಕಾರ ಬಡವನ ಸಾವನ್ನು ಅಗ್ಗ ಮಾಡುತ್ತದೆ ಎಂಬ ದೂರನ್ನು ನಾನು ಒಪ್ಪುತ್ತೇನೆ. 164ನೇ ಸೆಕ್ಷನ್ನಿನ ಎಲ್ಲರಿಗೂ ಸಮನಾದ 5 ಲಕ್ಷ ಆ ಮಟ್ಟಿಗೆ ಹೆಚ್ಚು ಧರ್ಮಸಮ್ಮತ, ಮೊತ್ತ ತೀರಾ ಸಣ್ಣದಾದರೂ. ಆದರೆ ಬೆಲೆ ಕಟ್ಟಬಾರದೆಂದು ಏನೂ ಕೊಡದಿರುವುದರಿಂದ ಸತ್ತವನ ಗೌರವ ಹೆಚ್ಚುವುದಿಲ್ಲ. ಆ ದುಡ್ಡು ಸತ್ತವನ ಬೆಲೆಯಲ್ಲ, ಉಳಿದವರ ಬಾಡಿಗೆ ಮತ್ತು ಅಕ್ಕಿ.

ಕೊನೆಗೆ ದಂಡದ ಮಾತು. ವಿಮೆಯಿಲ್ಲದ್ದಕ್ಕೆ ದಂಡ ಹಾಕುವುದು ನ್ಯಾಯವೇ ಎಂದರೆ ಹೌದು ಎಂದು ಇಷ್ಟು ಹೊತ್ತು ವಾದಿಸಿದ್ದೇನೆ. ಈಗಿರುವ ದಂಡ ನ್ಯಾಯವೇ ಎಂದರೆ ಅಷ್ಟು ಧೈರ್ಯದಿಂದ ಹೇಳಲಾರೆ. ಪಂಪ್‌ವೆಲ್‌ನಲ್ಲಿ ಹಿಡಿದು ದಂಡ ಕಟ್ಟಿಸಿಕೊಂಡರೆ ಆ ಹಣ ಮನುವಿನ ಪಣಗಳಂತೆಯೇ ಬೊಕ್ಕಸಕ್ಕೆ ಹೋಗುತ್ತದೆ. ಮಾಲೀಕ ರಶೀದಿ ಜೇಬಿಗಿಟ್ಟುಕೊಂಡು ಅದೇ ವಿಮೆಯಿಲ್ಲದ ಸ್ಕೂಟರಿನಲ್ಲಿ ತೊಕ್ಕೊಟ್ಟಿನ ಕಡೆ ಹೊರಡುತ್ತಾನೆ, ಕಿಸೆಯಲ್ಲಿ ಮೊದಲಿಗಿಂತ ದಂಡದಷ್ಟು ಕಡಿಮೆ. ಪ್ರೀಮಿಯಂ ಕಟ್ಟುವ ಸಂಭವ ಇನ್ನಷ್ಟು ದೂರ. ಮುಂದಿನ ತಿರುವಿನಲ್ಲಿ ಯಾರಿಗಾದರೂ ಗುದ್ದಿದರೆ ಆ ರಶೀದಿಯಿಂದ ನೊಂದವನಿಗೆ ಒಂದು ಬ್ಯಾಂಡೇಜೂ ಬರುವುದಿಲ್ಲ. ಅಪರಿಚಿತನ ಸಲುವಾಗಿ ಹುಟ್ಟಿದ ಕಟ್ಟಳೆ ಅವನನ್ನು ಇಲ್ಲಿ ಪೂರ್ತಿ ಮರೆತಿದೆ. ವಸೂಲು ಮಾಡಿದ ಹಣದಲ್ಲಿ ಮೊದಲ 714 ರೂಪಾಯಿಯೂ ಅದರ ತೆರಿಗೆಯೂ ಅಲ್ಲೇ ನಿಂತ ಜಾಗದಲ್ಲಿ ಆ ಗಾಡಿಯ ಒಂದು ವರ್ಷದ ಪಾಲಿಸಿಯಾಗಬೇಕು, ಉಳಿದದ್ದು ಬೇಕಾದರೆ ಬೊಕ್ಕಸಕ್ಕೆ ಹೋಗಲಿ. ಮೊಬೈಲಿನಲ್ಲಿ ಐದು ನಿಮಿಷದಲ್ಲಿ ಪಾಲಿಸಿ ಸಿಗುವ ಈ ಕಾಲದಲ್ಲಿ ಇದು ಆಗದ ಕೆಲಸವಲ್ಲ. ಒಟ್ಟಿಗೆ ಅಷ್ಟು ಕಟ್ಟಲಾಗದ ಮೀನು ಮಾರುವವಳ ಮಗನಿಗೆ, ಗಾರೆ ಕೆಲಸದವನಿಗೆ ಬೇರೆ ದಾರಿಯೂ ಉಂಟು. ದಕ್ಷಿಣ ಆಫ್ರಿಕದಲ್ಲಿ ರಸ್ತೆ ಅಪಘಾತ ನಿಧಿಗೆ ಇಂಧನದ ಮೇಲಿನ ಸುಂಕದಿಂದಲೇ ಹಣ ಬರುತ್ತದೆ. ಲೀಟರ್ ಹಾಕಿಸಿಕೊಂಡವನೆಲ್ಲ ತನಗೆ ಗೊತ್ತಿಲ್ಲದೆಯೇ ತನ್ನ ಪಾಲು ಕಟ್ಟಿರುತ್ತಾನೆ, ವಿಮೆಯಿಲ್ಲದ ಗಾಡಿ ಎಂಬುದೇ ಆ ಮಟ್ಟಿಗೆ ಉಳಿಯುವುದಿಲ್ಲ. ಆ ನಿಧಿ ಸಾಲದಲ್ಲಿ ಮುಳುಗಿ ಹೆಸರು ಕೆಡಿಸಿಕೊಂಡದ್ದೂ ನಿಜ, ನಮ್ಮಲ್ಲಿ ಅದನ್ನು ನಡೆಸುವವರು ಅದಕ್ಕಿಂತ ಚೆನ್ನಾಗಿ ನಡೆಸುತ್ತಾರೆಂದು ಆಣೆ ಇಡಲಾರೆ. ಆದರೂ ಹೆಚ್ಚು ಓಡಿಸುವವನು ಹೆಚ್ಚು, ಕಡಿಮೆ ಓಡಿಸುವವನು ಕಡಿಮೆ ಕಟ್ಟುವ ಆ ಏರ್ಪಾಡು, ವರ್ಷಕ್ಕೊಮ್ಮೆ ಏಜೆಂಟನ ಫೋನಿಗೆ ಕಾಯುವ ನಮ್ಮ ಪದ್ಧತಿಗಿಂತ ಆಖಿಲಾಕ್ಕೆ ಹೆಚ್ಚು ಹತ್ತಿರ.